ಬಾದಾಮಿ ಕೊಂಬೆಗೆ ಕಾನೂನಿನ ಕತ್ತರಿ

ನಾನು ವೃತ್ತಿಯಿಂದ ದರ್ಜಿ. ಇಪ್ಪತ್ತು ವರ್ಷಗಳಿಂದ ಊರಿನ ಹೊಟ್ಟೆಗಳನ್ನೆಲ್ಲ ಅಳೆದಿದ್ದೇನೆ. ಒಂದು ಅಂಗುಲ ತಪ್ಪಿದ್ದಿಲ್ಲ. (ತಪ್ಪಿದ್ದರೆ ಅದು ಹೊಟ್ಟೆಯ ತಪ್ಪು.) ಇಂಥ ನನ್ನನ್ನು ಮಣ್ಣುಮುಕ್ಕಿಸಿದ್ದು ಒಂದು ಬಾದಾಮಿ ಮರ.

ಮರವಿದ್ದದ್ದು ಗೋಡೆಯಾಚೆ, ರಿಟೈರಾದ ಲೆಕ್ಕದ ಮೇಷ್ಟ್ರ ಅಂಗಳದಲ್ಲಿ. ಒಂದು ಕೊಂಬೆ ಮಾತ್ರ ಗೋಡೆ ದಾಟಿ ಬಂದು, ದಿನಾ ಬೆಳಿಗ್ಗೆ ನಮ್ಮ ಅಂಗಳಕ್ಕೆ ತಟ್ಟೆಯಗಲದ ಎಲೆಗಳನ್ನು ಉದುರಿಸುತ್ತಿತ್ತು. ಅವನ್ನು ಗುಡಿಸುವ ಘನಕಾರ್ಯ ನನ್ನದು. (ಯಾಕೆ ನನ್ನದು ಎಂದು ಮದುವೆಯಾದವರು ಕೇಳುವುದಿಲ್ಲ.)

"ಮೇಷ್ಟ್ರೇ, ನಿಮ್ಮ ಕೊಂಬೆಗೆ ಬಹಳ ಕೊಂಬು ಬಂದಿದೆ," ಎಂದೆ.

"ಎಲೆ ಬೀಳೋದು ಗಾಳಿಗೆ ಕಣಯ್ಯ. ಗಾಳೀನ ಕೇಳು."

ನನಗೆ ರೇಗಿತು. ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಿದ್ದ ವಕೀಲರನ್ನು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ವಿಚಾರಿಸಿದೆ.

"ನಿಮ್ಮ ಜಾಗದೊಳಗೆ ಬಂದಷ್ಟನ್ನ ಕತ್ತರಿಸಬಹುದು. ಆದ್ರೆ ಮೊದಲು ಅವರಿಗೆ ತಿಳಿಸಿ. ಗೋಡೆ ಹಾರಿ ಆಕಡೆ ಇಳೀಬೇಡಿ. ಕಡಿದ ಕೊಂಬೆ ಅವರದೇ, ವಾಪಸ್ ಕೊಡಿ. ಎಲ್ಲಕ್ಕಿಂತ ಮುಂಚೆ ಗಡಿ ಎಲ್ಲಿದೆ ಅಂತ ಅಳೆದು ನೋಡ್ಕೊಳ್ಳಿ."

ಅಳತೆ! ನನಗೆ ಹೇಳಿಕೊಡಬೇಕೇ? ಭಾನುವಾರ ಮನೆಪತ್ರ, ಟೇಪು, ಧರ್ಮಪತ್ನಿ ಸಮೇತ ಅಂಗಳಕ್ಕಿಳಿದೆ.

"ಗೋಡೆ ಇದೆಯಲ್ರೀ, ಇನ್ನೇನು ಅಳೀತೀರಾ?" ಎಂದಳು ಅವಳು, ಟೇಪಿನ ತುದಿ ಹಿಡಿದು.

"ಕಾನೂನಿಗೆ ಗೋಡೆ ಕಾಣಲ್ಲ, ಅಡಿ ಅಂಗುಲ ಕಾಣುತ್ತೆ!"

ಪತ್ರದ ಪ್ರಕಾರ ನಮ್ಮ ಜಾಗದ ಅಗಲ ನಲವತ್ತು ಅಡಿ. ಗೋಡೆಯವರೆಗೆ ಅಳೆದರೆ ಮೂವತ್ತಾರು. ಮತ್ತೆ ಅಳೆದೆ, ಮೂವತ್ತಾರೇ. ಹಿಂದೆ ಯಾವನೋ ಪುಣ್ಯಾತ್ಮ ಗೋಡೆಯನ್ನು ನಾಲ್ಕಡಿ ಒಳಗೆ ಕಟ್ಟಿದ್ದ! ಗೋಡೆಯ ಮೇಲಿಂದ ಬಗ್ಗಿ ಟೇಪು ಚಾಚಿದೆ. ಮರದ ಬುಡ ಎರಡೇ ಅಡಿ ದೂರ.

"ಮರ ನಮ್ಮದೇ ಕಣೇ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದೆ.

"ಅಯ್ಯೋ, ಮೆಲ್ಲಗೆ!" ಹೆಂಡತಿ ನನ್ನ ಅಂಗಿ ಜಗ್ಗಿದಳು. "ನಮ್ಮ ಕಡೆ ಇರೋದು ಒಂದೇ ಕೊಂಬೆ. ಮಿಕ್ಕಿದ್ದೆಲ್ಲ..."

ತಡವಾಗಿತ್ತು. ಗೋಡೆಯ ಮೇಲೆ ಮೇಷ್ಟ್ರ ಕನ್ನಡಕ ಉದಯಿಸಿತು. ಪತ್ರ ಇಸಿದುಕೊಂಡು ಎರಡು ಸಲ ಓದಿದರು.

"ಲೆಕ್ಕ ಸರಿಯಾಗಿದೆ. ನೂರಕ್ಕೆ ನೂರು! ಜಾಗ ನಿನ್ನದು, ಮರಾನೂ ನಿನ್ನದು. ನನ್ನದೇನೂ ತಕರಾರಿಲ್ಲ." ಕನ್ನಡಕ ಒರೆಸಿಕೊಂಡರು. "ಈಗ ನಿನ್ನ ಮರದ ಹನ್ನೊಂದು ಕೊಂಬೆ ನನ್ನ ಅಂಗಳದ ಮೇಲೆ ಬಂದಿವೆ. ಕಡಿಸಿಬಿಡ್ಲೋ, ನೀನೇ ಬಂದು ಗುಡಿಸ್ತೀಯೋ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ತೀರ್ಪಿತ್ತಳು: "ಅಷ್ಟೂ ಕಡಿದ್ರೆ ನಮ್ಮ ಮರ ಉಳಿಯುತ್ತಾ ಮೇಷ್ಟ್ರೇ? ಇವರೇ ಬರ್ತಾರೆ ಬಿಡಿ."

ಈಗ ದಿನಾ ಎರಡು ಅಂಗಳ. ಮೇಷ್ಟ್ರು ಕುರ್ಚಿ ಹಾಕಿಕೊಂಡು ಕೂತು, ಪೇಪರಿನಿಂದ ತಲೆಯೆತ್ತದೆ, "ಆ ಮೂಲೇಲಿ ಎರಡು ಎಲೆ ಉಳೀತು ನೋಡು," ಎನ್ನುತ್ತಾರೆ.

ಗೋಡೆಯಾಚೆಯಿಂದ ನನ್ನವಳ ದನಿ ಬರುತ್ತದೆ: "ಬಿಡಬೇಡಿ ಮೇಷ್ಟ್ರೇ, ಇಲ್ಲೂ ಹೀಗೇ ಮಾಡ್ತಾರೆ!"