ಹುತ್ತದೂರಿನ ಮಾಟಗಾತಿಗೆ ನನ್ನ ಮುಖವೇಕೆ?

ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ಅಂಗಡಿಗಳ ಬೋರ್ಡು ಬರೆಯುವ, ಈಗ ಸ್ವಂತ ಖರ್ಚಿನಲ್ಲಿ ಚಿತ್ರಕಥೆಯ ಪುಸ್ತಕವನ್ನೂ ಅಚ್ಚು ಹಾಕಿಸಿರುವ ಕಲಾವಿದ ಮಾನಪ್ಪನವರ ಸನ್ನಿಧಿಗೆ, ಬಾಗೇವಾಡಿ ತಾಲೂಕಿನ ಹಳ್ಳಿಯೊಂದರ ಸರಕಾರಿ ದವಾಖಾನೆಯ ನರ್ಸ್ ಶಂಕ್ರೆವ್ವ, ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟು ಮಾಡುವ ವಂದನೆಗಳು.

೧೨ ಜೂನ್ ೧೯೭೪

ಮಾನ್ಯರೇ,

ತಮ್ಮ ‘ಹುತ್ತದೂರಿನ ಮಾಟಗಾತಿಯರು’ ಮುಖಪುಟದಲ್ಲೇ ‘ವಯಸ್ಕರಿಗೆ ಮಾತ್ರ’ ಎಂಬ ಕೆಂಪಕ್ಷರ ಹೊತ್ತಿದ್ದರಿಂದ ನಮ್ಮೂರಿನ ಎಲ್ಲ ವಯಸ್ಸಿನವರನ್ನೂ ತಲುಪಿದೆ. ಮೈಮೇಲೆ ನೂಲೆಳೆಯಿಲ್ಲದ ಐವರು ಮಾಟಗಾತಿಯರಲ್ಲಿ ಹಿರಿಯಳಿಗೆ ತಾವು ನನ್ನ ಮುಖವನ್ನೂ ನನ್ನ ಕನ್ನಡಕವನ್ನೂ ದಯಪಾಲಿಸಿದ್ದೀರಿ. ಹೋದ ವರ್ಷ ದವಾಖಾನೆಯ ಗೋಡೆಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಯಲು ಬಂದಾಗ ತಮ್ಮನ್ನು ನಾಯಿ ಕಚ್ಚಿತು. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಕೊಟ್ಟವಳು ನಾನು. ಸೇಡಿಗೆ ನಾಯಿಯನ್ನು ಬಿಟ್ಟು ನನ್ನನ್ನು ಆರಿಸಿಕೊಂಡ ತಮ್ಮ ಔದಾರ್ಯ ದೊಡ್ಡದು.

ಮುಂದೆ ನಡೆದದ್ದನ್ನು ತಾವು ತಿಳಿಯಬೇಕು. ಐದು ವರ್ಷ ಮನೆ ಬಾಗಿಲಿಗೆ ಹೋಗಿ ಕರೆದರೂ ದವಾಖಾನೆಯ ಮೆಟ್ಟಿಲು ಹತ್ತದ ಲಕ್ಕವ್ವ ಎಂಬ ಹೆಣ್ಣುಮಗಳು ತಮ್ಮ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. “ನರ್ಸ್ ಬಾಯಾರ, ಹನ್ನೊಂದನೇ ಪುಟದಾಗಿನ ಔಷಧ ಬೇಕಾಗೇತ್ರಿ. ಗಂಡ ಹೊಡ್ಯಾಕ ಎತ್ತಿದ ಕೈ ಕಲ್ಲ ಆಗ್ತೈತಲ್ರಿ, ಅದು,” ಎಂದಳು. ಅಂಥದ್ದಿಲ್ಲ ಎಂದೆ. ಆಕೆ ಊದಿದ ಮಣಿಕಟ್ಟನ್ನು ಮುಂದೆ ಚಾಚಿದಳು. ಪಟ್ಟಿ ಕಟ್ಟಿ, ಮೈಯಲ್ಲಿ ರಕ್ತವೂ ಕಡಿಮೆಯಿದ್ದುದರಿಂದ ಒಂದು ಬಾಟಲಿ ಟಾನಿಕ್ ಕೊಟ್ಟು, “ನೀನ ಕುಡೀಬೇಕವ್ವಾ” ಎಂದು ಮೂರು ಸಲ ಹೇಳಿ ಕಳಿಸಿದೆ. ಆಕೆ ಅದನ್ನು ಗಂಡ ಗುರುಲಿಂಗಪ್ಪನ ಕಣ್ಣಿಗೆ ಬೀಳುವಂತೆ ಗೋಡೆಗೂಡಿನಲ್ಲಿಟ್ಟಳಂತೆ. ಆತನೂ ತಮ್ಮ ಓದುಗನೇ. ಆ ಸಂಜೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

ವಾರದೊಳಗೆ ಒಂಬತ್ತು ಹೆಂಗಸರು ಟಾನಿಕ್ ಕೇಳಿಕೊಂಡು ಬಂದರು. ಅವರ ಹಿಂದೆಯೇ ಗಂಡಸರು ಬಂದರು, ಸುಮಾರು ಮೂವತ್ತು ಜನ, ಟಾನಿಕ್ಕಿಗಾಗಿ ಅಲ್ಲ. “ನೀವು ಮಾಟಗಾತಿ ಹೌದೋ ಅಲ್ಲೋ, ಹೇಳಿಬಿಡ್ರಿ,” ಎಂದರು ಊರ ಹಿರಿಯರಾದ ಶ್ರೀಶೈಲಪ್ಪನವರು. ಹಿಂದಿನಿಂದ ಒಬ್ಬ, “ತಲಿ ಬೋಳಿಸ್ರಿ ಆಕೀದು,” ಎಂದು ಕೂಗಿದ. ತಮ್ಮ ಚಿತ್ರದಲ್ಲಿ ಮಾಟಗಾತಿ ಇಂಥ ಹೊತ್ತಿನಲ್ಲಿ ಗೂಗೆಯಾಗಿ ಹಾರಿಹೋಗುತ್ತಾಳೆ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಆಗ ಲಕ್ಕವ್ವ ಗಂಡಸರ ನಡುವೆ ದಾರಿ ಮಾಡಿಕೊಂಡು ಬಂದು, ಗುಂಪಿನಲ್ಲಿದ್ದ ಗಂಡನತ್ತ ಕೈ ಮಾಡಿದಳು. “ಔಷಧ ನಾ ಕುಡದೇನಿ. ಇವಂಗ ಒಂದ ಹನಿ ಹಾಕಿಲ್ಲ. ಕೈ ಇವನ ತಡಕೊಂಡಾನ, ಬೇಕಾದ್ರ ಕೇಳ್ರಿ!”

ಎಲ್ಲರೂ ಗುರುಲಿಂಗಪ್ಪನತ್ತ ತಿರುಗಿದರು. ಆತ ನೆಲ ನೋಡುತ್ತ, “ಅಂಜಿಕಿ ಬಂತ್ರಿ,” ಎಂದ.

ಬೋಳಿಸಿರಿ ಎಂದವನೇ ಮೊದಲು ನಕ್ಕ. ಆಮೇಲೆ ಯಾರಿಗೂ ಸಿಟ್ಟು ಉಳಿಯಲಿಲ್ಲ. ಜನ ಚದುರಿದ ಮೇಲೆ ಲಕ್ಕವ್ವ ನನ್ನ ಹತ್ತಿರ ಬಂದು, “ಮಕ್ಳ ಐದ ಆಗ್ಯಾವ್ರಿ, ಸಾಕು. ಅದಕ್ಕೇನಾರ ಐತೇನ್ರಿ?” ಎಂದು ಕೇಳಿದಳು. ಅದಕ್ಕೆ ನನ್ನ ಹತ್ತಿರ ನಿಜವಾದ ಔಷಧವಿತ್ತು. ಒಳಗೆ ಕರೆದು ಕೂರಿಸಿದೆ.

ಆದಕಾರಣ ತಮ್ಮಲ್ಲಿ ಅರಿಕೆ: ಮುಂದಿನ ಮುದ್ರಣದಲ್ಲಿ ನನಗೊಂದು ಸೀರೆ ಉಡಿಸಬೇಕು, ಸರಕಾರ ಕೊಟ್ಟ ಬಿಳಿಯದೇ ಸಾಕು. ಟಾನಿಕ್ ಮುಗಿದಿರುವುದರಿಂದ, ಮಾಟಗಾತಿಯರು ಸರಕಾರಿ ಔಷಧ ಉಗ್ರಾಣದಿಂದ ನಾಲ್ಕು ಪೆಟ್ಟಿಗೆ ಹಾರಿಸಿಕೊಂಡು ಬರುವ ಚಿತ್ರವನ್ನೂ ಸೇರಿಸಬೇಕು. ನನ್ನ ಏಳು ಅರ್ಜಿಗಳಿಗಿಂತ ಅದು ಬೇಗ ಫಲಿಸೀತು.

ತಮ್ಮ ವಿಶ್ವಾಸಿ,
ಶಂಕ್ರೆವ್ವ, ನರ್ಸ್

ವಿ.ಸೂ.: ತಮ್ಮ ಮಾಟಗಾತಿಯರ ಮೊಲೆಗಳು ಹೆಗಲಿನಿಂದಲೇ ಶುರುವಾಗುತ್ತವೆ. ಇಪ್ಪತ್ತೆರಡು ವರ್ಷದ ಅನುಭವದ ಮೇಲೆ ಹೇಳುತ್ತೇನೆ, ಅವು ಅಲ್ಲಿರುವುದಿಲ್ಲ. ತಮಗೆ ಮದುವೆಯಾಗಿದೆಯೆಂದು ಕೇಳಿದ್ದೇನೆ. ಮನೆಯವರ ಅಪ್ಪಣೆ ಪಡೆದು, ಒಮ್ಮೆಯಾದರೂ ದೀಪ ಆರಿಸದೆ ನೋಡಿ.