ಒಂಟಿದಂತದ ವರ್ಷದಲ್ಲಿ ಹುಟ್ಟಿದವಳು

ಹೂಂ, ನನ್ನ ಕಥೆ ಬರೆದುಕೊಳ್ಳಲು ಬಂದಿದ್ದೀಯಲ್ಲ, ಇದನ್ನು ಬರೆದುಕೋ ಮಗಾ. ಬಂದಾಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದೀಯಲ್ಲ, ನಿಜ ಹೇಳು, ನಾನು ತೊಂಬತ್ತನಾಲ್ಕರ ಮುದುಕಿಯ ಹಾಗೆ ಕಾಣುತ್ತೇನಾ? ಇಲ್ಲ ತಾನೆ? ಇಡೀ ತೆರಕಣಾಂಬಿ ಹಾಗೇ ಅನ್ನುತ್ತಿತ್ತು. ಅದೇ ನನಗೆ ಮುಳುವಾಯಿತು.

ನಮ್ಮ ಕಾಲದಲ್ಲಿ ಹೆಣ್ಣುಮಗು ಹುಟ್ಟಿದ ತಾರೀಖನ್ನು ಯಾರು ಬರೆದಿಡುತ್ತಿದ್ದರು? ನನ್ನ ತವರು ಹಂಗಳ, ಕಾಡಿನ ಅಂಚು. ಅಲ್ಲಿ ಮಕ್ಕಳ ವಯಸ್ಸು ಹೇಳುವುದು ಆನೆಯ ಲೆಕ್ಕದಲ್ಲಿ. ಒಂಟಿದಂತದ ಆನೆ ಬಂದು ಕಣದಲ್ಲಿದ್ದ ರಾಗಿ ಮೆದೆ ತುಳಿದ ವರ್ಷ ನಾನು ಹುಟ್ಟಿದ್ದು ಅಂತ ನಮ್ಮತ್ತೆ, ನನ್ನ ಗಂಡನ ತಾಯಿ, ಇಲ್ಲಿ ತೆರಕಣಾಂಬಿಯಲ್ಲಿ ಕಂಡವರಿಗೆಲ್ಲ ಹೇಳಿದ್ದರು. ಆ ಲೆಕ್ಕಕ್ಕೆ ನನಗೆ ತೊಂಬತ್ತನಾಲ್ಕು. (ನಮ್ಮತ್ತೆ ಒಳ್ಳೆಯವರೇ. ಉಪ್ಪಿನಕಾಯಿ ಜಾಡಿಯನ್ನು ಮಾತ್ರ ಸಾಯುವತನಕ ಮಂಚದ ಕೆಳಗೇ ಇಟ್ಟುಕೊಂಡಿದ್ದರು.)

ಹೋದ ತಿಂಗಳು ರಮ್ಯ ಅಂತ ಒಬ್ಬಳು ಡಾಕ್ಟರಮ್ಮ ಕಾರಿನಲ್ಲಿ ಬಂದಳು. ಮುಪ್ಪು ಯಾಕೆ ಬರುತ್ತದೆ, ಅದನ್ನು ತಡೆದು ಮನುಷ್ಯ ನೂರಿಪ್ಪತ್ತು ವರ್ಷ ಬದುಕುವುದು ಹೇಗೆ ಅಂತ ಸಂಶೋಧನೆಯಂತೆ. ತೊಂಬತ್ತು ದಾಟಿಯೂ ಗಟ್ಟಿಮುಟ್ಟಾಗಿರುವವರ ರಕ್ತ ಬೇಕಂತೆ. ಲೋಕಕಲ್ಯಾಣ ಅಂದಮೇಲೆ ಇಲ್ಲ ಅನ್ನಲಾಗುತ್ತದೆಯೆ? ತೋಳು ಚಾಚಿದೆ.

"ಅಜ್ಜಿ, ಊಟಕ್ಕೆ ಏನು ಮಾಡ್ತೀರಿ?"

"ಮುದ್ದೆ, ಉಪ್ಸಾರು ಕಣವ್ವ. ಇನ್ನೇನದೆ ನಮ್ದು?" (ಬೇಕರಿಯ ಬೆಣ್ಣೆ ಬಿಸ್ಕತ್ತಿನ ವಿಚಾರ ಎತ್ತಲಿಲ್ಲ. ಸಂಶೋಧನೆ ಕೆಡಬಾರದಲ್ಲ.)

"ಕೋಪ ಬರುತ್ತಾ?"

"ನಂಗಾ? ಕ್ವಾಪ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ ಬುಡವ್ವ."

ಅಡುಗೆಮನೆಯಲ್ಲಿ ನನ್ನ ಸೊಸೆ ಪವಿತ್ರಳ ಕೈಯಿಂದ ತಟ್ಟೆ ಜಾರಿ ಬಿತ್ತು.

ಅವತ್ತಿನಿಂದ ನಾನು ಊರಿಗೇ ದೀರ್ಘಾಯುಷ್ಯದ ದೇವತೆ. ಮಕ್ಕಳನ್ನು ತಂದು ನನ್ನ ಮಡಿಲಿಗೆ ಹಾಕುವವರೇನು, ಕಾಲಿಗೆ ಬೀಳುವವರೇನು! ಚಾಮರಾಜನಗರದ ಆಫೀಸಿನಲ್ಲಿ ಗುಮಾಸ್ತನಾಗಿರುವ ನನ್ನ ಮಗ ಬಸವಪ್ರಸಾದ, ನಾನು ಚಾಪೆಯ ಮೇಲೆ ಮಲಗುತ್ತೇನೆ ಅಂತ ತಾನೂ ಹಾಗೇ ಮಲಗಲು ಶುರುಮಾಡಿ ಸೊಂಟ ಹಿಡಿಸಿಕೊಂಡ. ಚಿರಂಜೀವಿಯಾಗಲು ಹೊರಟವನಿಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗಲಿಲ್ಲ!

ಎಲ್ಲ ಚೆನ್ನಾಗಿತ್ತು. ಆದರೆ ಆ ಡಾಕ್ಟರಮ್ಮ ಹೊರಡುವಾಗ ನನ್ನ ಕೆನ್ನೆ ಸವರಿ, "ತೊಂಬತ್ತನಾಲ್ಕು ಅಂದ್ರೆ ಇನ್ಮೇಲೆ ಒಂದೊಂದು ದಿನವೂ ಬೋನಸ್ಸು ಅಜ್ಜಿ" ಅಂದುಬಿಟ್ಟಿದ್ದಳು. ಅಲ್ಲಿಯವರೆಗೆ ತೊಂಬತ್ತನಾಲ್ಕು ಅನ್ನುವುದು ನನಗೆ ಮೂಗುಬೊಟ್ಟಿನ ಹಾಗೆ, ಬರೀ ತೋರಿಸಿಕೊಳ್ಳುವುದಕ್ಕೆ. ಅವಳು ಹಾಗಂದ ಮೇಲೆ ಎದೆಯಲ್ಲಿ ಏನೋ ಕೂತುಕೊಂಡಿತು. ಅದರ ಮೇಲೆ ಒಂದು ಸಂಜೆ ಹಿತ್ತಲಲ್ಲಿ ಗಂಡ ಹೆಂಡಿರ ಗುಸುಗುಸು ಕಿವಿಗೆ ಬಿತ್ತು.

"ರೀ, ಅತ್ತೆಮ್ಮಂಗೆ ತೊಂಬತ್ನಾಕು. ಯಾವತ್ತಾದ್ರೂ ಜನ ಸೇರೋ ಮನೆ. ಈಗ್ಲೇ ಗ್ವಾಡೆಗೆ ಬಣ್ಣ ಒಡೆಸ್ಬುಡದಲ್ವಾ?"

"ಯಾವ ಬಣ್ಣ ಅಂತ ಅವ್ವನ್ನೇ ಒಂದ್ ಮಾತು ಕೇಳನ ತಾಳು."

ನಗಬೇಡ. ನನ್ನ ತಿಥಿಗೆ ನಾನೇ ಬಣ್ಣ ಆರಿಸಬೇಕಂತೆ! ಆಮೇಲೆ ಬೇಕರಿಯ ಬಿಸ್ಕತ್ತೂ ಬೇಡವಾಯಿತು. ಕಣ್ಣು ಮುಚ್ಚಿದರೆ ತೆಗೆಯುತ್ತೇನೋ ಇಲ್ಲವೋ ಅಂತ ಮುಚ್ಚುವುದಕ್ಕೇ ಭಯ. ಯಾರ ಹತ್ತಿರ ಹೇಳಲಿ? ದೇವತೆಗೆ ಸಾವಿನ ಭಯ ಅಂದರೆ ಜನ ಏನಂದಾರು?

ಅಷ್ಟರಲ್ಲಿ ಡಾಕ್ಟರಮ್ಮ ಮತ್ತೆ ಬಂದಳು. ಒಡಹುಟ್ಟಿದವರ ರಕ್ತವೂ ಬೇಕಂತೆ. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹಂಗಳಕ್ಕೆ, ನಮ್ಮಕ್ಕ ನೀಲಾವತಿಯ ಮನೆಗೆ ಹೊರಟಳು. ಅಕ್ಕನನ್ನು ಹಂಗಳದಲ್ಲೇ ಸಂಬಂಧದಲ್ಲಿ ಕೊಟ್ಟಿದ್ದರು. ಎರಡನೇ ಕ್ಲಾಸು ಓದಿದ್ದಾಳೆ, ಮೇಷ್ಟರು ಶಾಲೆಯ ಪುಸ್ತಕದಲ್ಲಿ ಬರೆದಿಟ್ಟ ವಯಸ್ಸಿದೆ ಅಂತ ಸ್ವಲ್ಪ ಜಂಬ.

"ನಿಮಗೆ ಎಷ್ಟು ವಯಸ್ಸು ಅಜ್ಜಿ?"

"ಎಂಬತ್ನಾಕು ಕಣವ್ವ."

ಡಾಕ್ಟರಮ್ಮ ನನ್ನ ಕಡೆ ತಿರುಗಿದಳು. "ಹಾಗಾದ್ರೆ ಇವರು ನಿಮ್ಮ ತಂಗಿನಾ?"

"ಯಾರಿಗ್ಯಾರು ತಂಗಿ?" ಅಕ್ಕ ಎದ್ದು ನಿಂತಳು. "ಇವ್ಳು ನನ್ ತಂಗಿ! ನಾನು ಉಟ್ಟಿ ಎರಡ್ ವರ್ಸಕ್ಕೆ ಉಟ್ಟುದ್ಲು. ನಾನೇ ಎತ್ತಾಡ್ಸಿವ್ನಿ."

"ಇವರಿಗೆ ತೊಂಬತ್ತನಾಲ್ಕು ಅಂದರಲ್ಲ?"

"ತೊಂಬತ್ನಾಕಾ! ಏನಮ್ಮಿ ಚಿಕ್ಕಮಲ್ಲಿ, ನಾನು ಉಟ್ಟದ್ಕೂ ಮುಂಚೆ ಬಂದು ಮನೆ ಗುಡಿಸ್ತಿದ್ಯಾ?"

ನಾನು ಬಿಡುತ್ತೇನೆಯೆ? "ಒಂಟಿದಂತ ಮೆದೆ ತುಳಿದ ವರ್ಸ ನಾನು ಉಟ್ಟಿದ್ದು ಕಣಕ್ಕಾ. ನಮ್ಮತ್ತೆಯೋರೇ ಏಳವ್ರೆ."

"ಒಂಟಿದಂತ ಬಂದಾಗ ನಮ್ಮವ್ವಂಗೆ ಮದ್ವೆನೇ ಆಗಿರ್ನಿಲ್ಲ! ನೀನು ಉಟ್ದಾಗ ಬಂದಿದ್ದು ಜೋಡಿದಂತದ್ದು. ತೆರಕಣಾಂಬಿಯೋರ್ಗೆ ಆನೆ ಗುರ್ತು ಎಲ್ಲಿ ಸಿಕ್ಕದು ಬುಡು."

ಡಾಕ್ಟರಮ್ಮ ಸೂಜಿಯನ್ನು ಡಬ್ಬಿಗೆ ಹಾಕಿದಳು. ನಗು ತಡೆಯಲು ಪಾಪ ಸೆರಗಿಲ್ಲ, ಕರ್ಚೀಫು ಕಚ್ಚಿಕೊಂಡಳು. "ಎಂಬತ್ತೆರಡು ಅಂದ್ರೆ ನೀವು ಎಲ್ಲರ ಹಾಗೇ ಇದ್ದೀರಿ ಅಜ್ಜಿ. ಸಾಧಾರಣ" ಅಂದಳು.

ಸಾಧಾರಣ! ಆ ಮಾತು ಚುರ್ ಅಂದದ್ದು ನಿಜ. ಆದರೆ ಮಗಾ, ವಾಪಸು ಬರುವಾಗ ಗುಂಡ್ಲುಪೇಟೆ ದಾಟುವ ಹೊತ್ತಿಗೆ ನನಗೆ ಹೊಳೆಯಿತು. ಯಾವ ಔಷಧಿಯೂ ಕೊಡದ ಹನ್ನೆರಡು ವರ್ಷವನ್ನು ಅಕ್ಕ ಒಂದೇ ಬೈಗುಳದಲ್ಲಿ ಕೊಟ್ಟುಬಿಟ್ಟಿದ್ದಳು! ಎದೆಯ ಮೇಲಿನ ಕಲ್ಲು ಇಳಿಯಿತು. ಡಾಕ್ಟರಮ್ಮನ ಭುಜಕ್ಕೆ ಒರಗಿ ಮನೆ ಬರುವವರೆಗೂ ಗೊರಕೆ ಹೊಡೆದೆ.

ಮನೆಯಲ್ಲಿ ದೇವತೆಯ ಪಟ್ಟ ಅವತ್ತೇ ಹೋಯಿತು. ಸುದ್ದಿ ಕೇಳಿದ ಪವಿತ್ರ, "ಎಂಬತ್ತೆರಡೇನಾ ಅತ್ತೆಮ್ಮ? ಅಂಗಾರೆ ಈ ಅವರೆಕಾಯಿ ಸುಲಿದ್ಬುಡಿ" ಅಂತ ಮೊರ ತಂದು ಮುಂದಿಟ್ಟಳು. ಬಣ್ಣದವನನ್ನೂ ಬೇಡ ಅಂದರು. ಗೋಡೆ ಹಾಗೇ ಮಾಸಿಕೊಂಡಿದೆ, ಎಷ್ಟು ಚಂದ ಕಾಣುತ್ತದೆ ಗೊತ್ತಾ!

ಬರೆದದ್ದು ಸಾಕು, ಈಗ ಒಂದು ಕೆಲಸ ಮಾಡು. ನಾಳೆ ಬಸ್ಸಿಗೆ ಚಾಮರಾಜನಗರಕ್ಕೆ ಹೋಗುತ್ತೀಯಲ್ಲ, ಅಲ್ಲಿ ಕಣ್ಣಿನ ಆಪರೇಷನ್ನಿಗೆ ಹೆಸರು ಬರೆಸಿಕೊಳ್ಳುತ್ತಿದ್ದಾರಂತೆ. ಎಡಗಣ್ಣಿಗೆ ಪೊರೆ ಬಂದಿದ್ದರೂ ಇನ್ನೇನು ನೋಡುವುದಿದೆ ಅಂತ ಸುಮ್ಮನಿದ್ದೆ. ಈಗ ನೋಡುವುದು ಬೇಕಾದಷ್ಟಿದೆ. ಚಿಕ್ಕಮಲ್ಲಮ್ಮ, ತೆರಕಣಾಂಬಿ ಅಂತ ಬರೆಸು. ವಯಸ್ಸು ಕೇಳಿದರೆ ಎಪ್ಪತ್ತೈದು ಅನ್ನು. ಅಕ್ಕನ ಕಿವಿಗೆ ಮಾತ್ರ ಹಾಕಬೇಡ.