ವೈನಿ ಕಾಯಿಸಿದ ಹಾಲು

ನಮ್ಮ ವೈನಿಗೆ ಸೂರ್ಯನನ್ನು ಕಾಯಿಸಲು ಬರುತ್ತದೆ, ಹಾಲು ಕಾಯಿಸಲು ಬರುವುದಿಲ್ಲ! ಅಣ್ಣನ ಹೆಂಡತಿಯ ಬಗ್ಗೆ ಹೀಗೆಲ್ಲ ಬರೆಯಬಾರದು, ನಿಜ. ಆದರೆ ಹದಿನಾರು ವರ್ಷ, ಅವರ ಮನೆಗೆ ಹೋದಾಗಲೆಲ್ಲ ಸೀದ ಹಾಲಿನ ಚಹಾ ಕುಡಿದವನಿಗೆ ಇಷ್ಟಾದರೂ ಹಕ್ಕು ಬೇಡವೇ?

ವೈನಿ ಸಂಭಾಜಿನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಉಳಿದ ಹೊತ್ತೆಲ್ಲ ಸಂಶೋಧನೆ. ಸೂರ್ಯನ ಹೊಟ್ಟೆಯಲ್ಲಿರುವಂಥ ಬೆಂಕಿಯನ್ನು, ಅಂದರೆ ಪ್ಲಾಸ್ಮಾವನ್ನು, ಅಯಸ್ಕಾಂತದ ಬಲದಿಂದ ದೊಡ್ಡ ಪಾತ್ರೆಯೊಳಗೆ ಹಿಡಿದಿಟ್ಟು ರೇಡಿಯೊ ಅಲೆಗಳಿಂದ ಕಾಯಿಸುತ್ತಾರಂತೆ. ಲೋಕವೆಲ್ಲ ನಡುವಿನ ಬೆಂಕಿ ನೋಡಿ ಬೆರಗಾದರೆ ವೈನಿಯ ಕಣ್ಣು ಮಾತ್ರ ಅಂಚಿನ ಮೇಲೆ. ಗೋಡೆಗೆ ಅಂಟಿಕೊಂಡು ಕೂದಲೆಳೆಯಷ್ಟು ತೆಳುವಾದ ಒಂದು ಪದರ ಇರುತ್ತದಂತೆ. ಅದರ ಹೆಸರು ಶೀಥ್. ಆ ಕೂದಲೆಳೆಯಲ್ಲೇ ಅವರ ಇಪ್ಪತ್ತು ವರ್ಷ ಕಳೆದಿದೆ.

ಒಮ್ಮೆ ಎಲ್ಲರೂ ದೌಲತಾಬಾದ್ ಕೋಟೆಗೆ ಹೋದೆವು. ನಾವು ಏದುಸಿರು ಬಿಡುತ್ತ ತುದಿ ಮುಟ್ಟಿ ಇಳಿದು ಬಂದರೆ ವೈನಿ ಕೆಳಗೆ ಗೋಡೆಯ ಬುಡದಲ್ಲೇ ಕುಳಿತಿದ್ದಾರೆ!

"ಮ್ಯಾಲ ಬರಲೇ ಇಲ್ಲಲ್ರಿ ವೈನಿ?"

"ಮ್ಯಾಲ ಏನದರಿ? ಗದ್ದಲ ಎಲ್ಲಾ ಗ್ವಾಡಿ ಹಂತೇಲೇ ಇರ್ತದ!"

ಟಿಕೆಟಿನ ಹಿಂಬದಿಯ ತುಂಬ ಸಮೀಕರಣ. ಅಣ್ಣ ನಿಟ್ಟುಸಿರಿಟ್ಟ: "ಲಗ್ನದಾಗೂ ಹಿಂಗೇ, ಮಂಟಪ ಬಿಟ್ಟು ಬಾಗಿಲಾಗ ನಿಂತಿದ್ಲು."

ಹಾಲಿನ ಕಥೆಯೂ ಇದೇ. ಒಲೆಯ ಮೇಲೆ ಪಾತ್ರೆ ಇಟ್ಟು ಅದರ ಅಂಚನ್ನೇ ದಿಟ್ಟಿಸುತ್ತಾರೆ. ಏನೋ ಹೊಳೆಯುತ್ತದೆ. ಪೆನ್ನು ಹುಡುಕಲು ಹೋಗುತ್ತಾರೆ. ಪೆನ್ನು ಸಿಗುವ ಹೊತ್ತಿಗೆ ಹಾಲು ಸೀದಿರುತ್ತದೆ. ಕೇಳಿದರೆ, "ಕಾಯಿಸೋದು ಸರಳರಿ. ತಳ ಹಿಡೀಲಾರದಂಗ ಕಾಯಿಸೋದು ಜಗತ್ತಿನಾಗ ಯಾರಿಗೂ ಇನ್ನಾ ಪೂರಾ ಬಂದಿಲ್ಲ!"

ಅಪ್ಪ ತೀರಿಕೊಂಡ ಮೇಲೆ ಅವ್ವ ಬೀದರ್ ಬಿಟ್ಟು ಅಣ್ಣನ ಮನೆಗೆ ಬಂದಳು. ಅವಳ ಮಾತೇ ನಿಂತುಹೋಗಿತ್ತು. ಏನು ಕೇಳಿದರೂ ಹ್ಞಾಂ, ಹೂಂ ಅಷ್ಟೇ. ಸೀದ ಹಾಲು ಕುಡಿದು ಮುದುಕಿ ಚೇತರಿಸಿಕೊಳ್ಳುವುದುಂಟೆ? ನಾಸಿಕದ ನಮ್ಮ ಮನೆಯಲ್ಲಿ ಅವಳಿಗೊಂದು ಕೋಣೆ ಇದೆ, ಪಂಚವಟಿ ಹತ್ತಿರ, ದಿನಾ ಗೋದಾವರಿ ದರ್ಶನ. ಕಳೆದ ತಿಂಗಳು ಅವಳ ಬಟ್ಟೆಗೆಂದು ಖಾಲಿ ಚೀಲ ಹಿಡಿದು, ಕರೆದುಕೊಂಡೇ ಬರುತ್ತೇನೆಂದು ಹಟತೊಟ್ಟು ಬಸ್ಸು ಹತ್ತಿದೆ.

ಮೆಟ್ಟಿಲಲ್ಲೇ ಸೀದ ವಾಸನೆ ಸ್ವಾಗತಿಸಿತು. ಅಡುಗೆಮನೆಯಲ್ಲಿ ವೈನಿ ನೆಲಕ್ಕೆ ಕುಳಿತು ಪಾತ್ರೆ ಕೆರೆಯುತ್ತಿದ್ದರು. ಎದುರಿಗೆ ಅವ್ವ. ಮಾತಾಡುತ್ತಿದ್ದಾಳೆ!

"ಆ ಬೆಂಕ್ಯಾಗಿನ ಕಣದಾಗ ಹಗುರ ಇದ್ದವು ಮೊದಲ ಗ್ವಾಡಿಗಿ ಓಡ್ತಾವ. ಜಡ ಇದ್ದವು ಹಿಂದ ಉಳೀತಾವ. ಆಮ್ಯಾಲ ಗ್ವಾಡಿ ಅವನ್ನ ಜಗ್ಗತದ, ಬಂದು ಹೊಡೀತಾವ, ಗ್ವಾಡಿ ಪುಡಿ ಏಳ್ತದ. ಆ ಪುಡಿ ಒಳಗ ಬಿತ್ತಂದ್ರ ಬೆಂಕಿ ತಣ್ಣಗಾಯ್ತು. ಹೌದಿಲ್ಲೊ?"

"ಹೌದ್ರಿ ಅತ್ತಿ."

"ಮತ್ತ ರೇಡಿಯೊ ಜೋರು ಮಾಡಿದಷ್ಟೂ ಪುಡಿ ಜಾಸ್ತಿ ಏಳ್ತದಲ್ಲ? ಹ್ಯಾಂಗ ಮಾಡ್ತಿ?"

ವೈನಿ ಕೆರೆಯುವುದನ್ನು ನಿಲ್ಲಿಸಿದರು. "ಅದೇ ನನಗೂ ತಿಳಿವಲ್ದು ನೋಡ್ರಿ."

ಓಝರ್‌ನ ವಿಮಾನ ಕಾರ್ಖಾನೆಯ ಇಂಜಿನಿಯರ್ ನಾನು. ಹದಿನಾರು ವರ್ಷದಲ್ಲಿ ನನ್ನ ತಲೆಗೆ ಹೋಗದ್ದು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳ ತಲೆಗೆ ಹೋಗಿತ್ತು! ಸಾವರಿಸಿಕೊಂಡು, "ಅವ್ವಾ, ನಡಿ ನಾಸಿಕಕ್ಕ" ಎಂದೆ.

ಅವ್ವ ನನ್ನ ಚೀಲ ನೋಡಿದಳು. "ನಿನ್ನ ಮನ್ಯಾಗ ಹಾಲು ಛಲೋ ಇರ್ತದ, ಗೊತ್ತದ. ಆದ್ರ ನೀವೆಲ್ಲಾ ನನಗ ಉಂಡಿ ಏನು, ಗುಳಿಗಿ ತಗೊಂಡಿ ಏನು ಅಂತೇ ಕೇಳ್ತೀರಿ. ಈಕಿ ಒಬ್ಬಾಕಿ, ಅತ್ತಿ, ನಿಮಗೇನ್ ಅನಸ್ತದ ಅಂತ ಕೇಳ್ತಾಳ."

ಹೌದಲ್ಲ, ಫೋನು ಮಾಡಿದಾಗಲೆಲ್ಲ ನಾನು ಗುಳಿಗೆಯ ಹೊರತು ಏನು ಕೇಳಿದ್ದೆ?

ವೈನಿ ಚಹಾ ತಂದರು. ಅದೇ ಸೀದ ಚಹಾ. ಖಾಲಿ ಚೀಲವನ್ನು ಮಡಿಚಿ ಬದಿಗಿಟ್ಟು, ಅವ್ವನ ಪಕ್ಕ ಕುಳಿತು ಕೊನೆಯ ಗುಟುಕಿನವರೆಗೂ ಕುಡಿದೆ.

"ವೈನಿ, ಇನ್ನೊಂದು ಕಪ್ ಕೊಡ್ರಿ" ಎಂದೆ, ಹದಿನಾರು ವರ್ಷದಲ್ಲಿ ಮೊದಲ ಸಲ.